ಕಾರಿನೊಳಗಿನ ದೇವರನಾಮ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ನನಗೆ ಅದಿಲ್ಲ ಎಂದು ಹೆಂಡತಿ ವಾಣಿ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ಹಾಗೆಂದು ನಾನು ಪ್ರಯತ್ನ ಬಿಟ್ಟವನಲ್ಲ. ದೊಡ್ಡ ಸುಳ್ಳುಗಳ ತಂಟೆಗೆ ಹೋಗುವುದಿಲ್ಲ; ಎದುರಿನವರ ಮನಸ್ಸು ನೋಯಬಾರದು, ನನ್ನ ಮರ್ಯಾದೆಯೂ ಉಳಿಯಬೇಕು ಎನ್ನುವಂಥ ಗೃಹೋಪಯೋಗಿ ಸುಳ್ಳುಗಳಷ್ಟೇ. ಅಂಥದ್ದೊಂದು ಈಗ ದಿನಾ ಬೆಳಿಗ್ಗೆ ನನ್ನ ಕುತ್ತಿಗೆಗೆ ಬಂದಿದೆ.

ಇದಕ್ಕೆಲ್ಲ ಮೂಲ ನನ್ನ ಕಾರು. ಸಿಡ್ನಿಯ ಲಿವರ್‌ಪೂಲ್‌ನಲ್ಲಿ ವಯಸ್ಸಾದವರೊಬ್ಬರಿಂದ ಕೊಂಡ ಸೆಕೆಂಡ್‌ಹ್ಯಾಂಡ್ ಗಾಡಿ. ಟೈರುಗಳನ್ನೆಲ್ಲ ಒದ್ದು ನೋಡಿದ ನಾನು ಸಿಡಿ ಪ್ಲೇಯರನ್ನು ನೋಡಲಿಲ್ಲ. ಅದರಲ್ಲಿ ಒಂದು ಸಿಡಿ ಸಿಕ್ಕಿಹಾಕಿಕೊಂಡಿತ್ತು. ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲಿ ಮೆರೆದ ಸೋಲ್ ಸಂಗೀತದ ಪ್ರೇಮಗೀತೆಗಳನ್ನು ಆಯ್ದು ಕೂಡಿಸಿದ ಸಂಕಲನ. ಕಾರು ಶುರುವಾದರೆ ಹಾಡೂ ಶುರು. ಯಾವ ಬಟನ್ ಒತ್ತಿದರೂ ನಿಲ್ಲದು. ಗಾಯಕ ಮೊದಲು ಒಂದು ನಿಟ್ಟುಸಿರು ಬಿಡುತ್ತಾನೆ, ಆಮೇಲೆ ಬೇಬಿ ಎನ್ನುತ್ತಾನೆ, ಆಮೇಲೆ ಹತ್ತಿರ ಬಾ ಎಂದು ಗೋಗರೆಯುತ್ತಾನೆ. ನಾರ್ವೆಸ್ಟ್‌ನ ಆಫೀಸಿಗೆ ಹೋಗುವಾಗ ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಹಾಸನದಿಂದ ನಮ್ಮತ್ತೆ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವರು, ಕಿವಿ ಬಹಳ ಚುರುಕು. ನಾನೂ ವಾಣಿಯೂ ಆಡುವ ಮಾತೆಂದರೆ 'ಬಿನ್ ಹೊರಗಿಟ್ರಾ', 'ಮಾರ್ಟ್‌ಗೇಜ್ ಕಟ್ಟಾಯ್ತಾ' ಇಷ್ಟೇ ಎಂಬುದನ್ನು ಮೊದಲ ವಾರದಲ್ಲೇ ಗಮನಿಸಿಬಿಟ್ಟರು. "ವಾಣಿ ಸುಖವಾಗಿದಾಳೇನೇ?" ಎಂದು ಮೆಲ್ಬರ್ನಿನಲ್ಲಿರುವ ಕಿರಿಮಗಳನ್ನು ಫೋನಿನಲ್ಲಿ ಕೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ನನಗೆ ನಿಜಕ್ಕೂ ಚುರುಕ್ ಎಂದಿತು. ಒಳ್ಳೆಯ ಅಳಿಯ ಎನ್ನಿಸಿಕೊಳ್ಳಲೇಬೇಕೆಂದು ಹಟ ಹುಟ್ಟಿತು.

ಆ ಕಿರಿಮಗಳು ಮೆಲ್ಬರ್ನಿನ ಅಂಚಿನ ವೆರಿಬೀಯಲ್ಲಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಅತ್ತೆ ಊರಿನಿಂದ ತಂದ ಹಿತ್ತಾಳೆ ಪಾತ್ರೆ, ದೀಪದ ಕಂಬಗಳನ್ನೆಲ್ಲ ಸಾಗಿಸಬೇಕಿದ್ದರಿಂದ ಕಾರಿನಲ್ಲೇ ಹೊರಟೆವು. ಕೀಲಿ ತಿರುಗಿಸಿದೆ. ನಿಟ್ಟುಸಿರು ಬಂತು.

"ಇದೇನು ಹಾಡು, ಅಳಿಯಂದ್ರೇ?"

ಅದೇ ಹೊತ್ತಿಗೆ ಗಾಯಕ 'ಓ ಲಾರ್ಡ್' ಎಂದು ನರಳಿದ. ಮುಳುಗುವವನಿಗೆ ಅಷ್ಟೇ ಸಾಕಾಯಿತು. "ದೇವರನಾಮ, ಅತ್ತೆ. ಇಲ್ಲಿಯವರ ಚರ್ಚಿಂದು" ಎಂದೆ. ವಾಣಿ ಕಿಟಕಿಯತ್ತ ಮುಖ ತಿರುಗಿಸಿದಳು; ಅವಳ ಭುಜ ಮಾತ್ರ ಕುಲುಕುತ್ತಿತ್ತು.

ಅತ್ತೆ ತಕ್ಷಣ ಚಪ್ಪಲಿ ಕಳಚಿದರು. ಆಗಷ್ಟೇ ತೆಗೆದಿದ್ದ ಕೋಡುಬಳೆ ಡಬ್ಬಿಯನ್ನೂ ಮುಚ್ಚಿದರು. "ದೇವರ ಹಾಡು ನಡೀವಾಗ ತಿನ್ನೋದು ಬೇಡ" ಎಂದರು. ಸಿಡಿ ಮುಗಿದು ಮತ್ತೆ ಮೊದಲಾಗುತ್ತಿತ್ತು. ಒಂಬತ್ತು ಗಂಟೆಯ ದಾರಿ ಮುಗಿದು ಮೆಲ್ಬರ್ನ್ ಬರುವವರೆಗೂ ಕಾರಿನಲ್ಲಿ ಕೋಡುಬಳೆಯ ವಾಸನೆಯೂ ನನ್ನ ಹೊಟ್ಟೆಯ ಗುರುಗುಟ್ಟುವಿಕೆಯೂ ಆ ಸಂಗೀತಕ್ಕೆ ಜೊತೆಯಾಗಿದ್ದವು.

ಮಾರನೆಯ ಬೆಳಿಗ್ಗೆ ಹಾಲುಕ್ಕಿತು. ಪುರೋಹಿತರು ಹೂವು ಕೈಗೆತ್ತಿಕೊಂಡಾಗ ಅತ್ತೆ ಬಂದವರೆದುರೇ, "ಅಳಿಯಂದ್ರ ಕಾರಲ್ಲಿ ಒಂದು ದೇವರನಾಮ ಇದೆ. ಇವತ್ತು ಎಲ್ರೂ ಕೇಳ್ಬೇಕು. ಗಾಡಿ ಬಾಗ್ಲ ಹತ್ರ ತನ್ನಿ" ಎಂದರು. ಬೇಡವೆಂದರೆ ಸುಳ್ಳು ಬಯಲು, ತಂದರೂ ಬಯಲು. ತಂದೆ. ತೋರಣ ಕಟ್ಟಿದ ಬಾಗಿಲೆದುರು ಗಾಯಕ ಉಸಿರು ಬಿಟ್ಟು, ಬೇಬಿ ಎಂದ. ಪುರೋಹಿತರ ಕೈಯ ಹೂವು ಕೈಯಲ್ಲೇ ಉಳಿಯಿತು.

"ಅಜ್ಜಿ, ದಿಸ್ ಈಸ್ ನಾಟ್ ಎ ಭಜನ್. ಹೀ ಈಸ್ ಇನ್ ಲವ್" ಎಂದಳು ನಾದಿನಿಯ ಮಗಳು.

"ಗೊತ್ತು ಕಣೇ. ಜೀವಮಾನವೆಲ್ಲ ಹೆಡ್‌ಫೋನ್ ಹಾಕ್ಕೊಂಡು ಕೂತವಳು ನಾನು. ಗಂಡಸು ಹೀಗೆ ಉಸಿರು ಬಿಟ್ರೆ ಲೈನಿನ ಆ ಕಡೆ ದೇವರಿರಲ್ಲ" ಎಂದು ಅತ್ತೆ ನನ್ನತ್ತ ತಿರುಗಿದರು. "ಆದ್ರೂ ಅಳಿಯಂದ್ರು ದೇವರನಾಮ ಅಂದಮೇಲೆ ದೇವರನಾಮಾನೇ. ದಿನಾ ಬೆಳಿಗ್ಗೆ ಹೇಳ್ಬೇಕು. ನಮ್ಮ ವಾಣಿ ಮುಂದೆ."

ಸಿಡ್ನಿಗೆ ಮರಳಿದ ಮೇಲೆ ಅದೇ ನಿಯಮ. ಅತ್ತೆ ದೀಪ ಹಚ್ಚುತ್ತಾರೆ. ನಾನು ದೋಸೆ ಹುಯ್ಯುತ್ತಿರುವ ವಾಣಿಯ ಮುಂದೆ ನಿಂತು, ಶ್ರುತಿಯ ಹಂಗಿಲ್ಲದೆ, ಹತ್ತಿರ ಬಾ ಎಂದು ಹಾಡುತ್ತೇನೆ. ಮೊದಲ ದಿನ ನಾಚಿಕೆಯಿಂದ ಸತ್ತೇಹೋಗಿದ್ದೆ. ಮೊನ್ನೆ ತಡವಾಯಿತೆಂದು ಹಾಗೇ ಹೊರಟರೆ, ವಾಣಿ ಕಾರಿನ ಕೀಲಿಯನ್ನು ಮುಷ್ಟಿಯಲ್ಲಿಟ್ಟುಕೊಂಡು, "ರೀ, ದೇವರನಾಮ ಆಗಿಲ್ಲ" ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಮುಖದಲ್ಲಿ ಆ ನಗು ನೋಡಿದೆ.

ನಿನ್ನೆ ಆಫೀಸಿನ ಪಾರ್ಕಿಂಗ್‌ನಲ್ಲಿ ಸಿಡಿ ತಾನಾಗಿಯೇ ಹೊರಗೆ ಬಂತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಒಳಗೆ ತಳ್ಳಿದೆ. ಅದಿನ್ನೂ ಸಿಕ್ಕಿಹಾಕಿಕೊಂಡೇ ಇದೆ ಎಂದು ಮನೆಯಲ್ಲಿ ಹೇಳಿದ್ದೇನೆ. ನನ್ನ ಸುಳ್ಳನ್ನು ವಾಣಿ ನಂಬಿದ್ದು ಇದೇ ಮೊದಲು.