ಎಸೆನ್ ತೆಗೆದ ಹೊಸ ಬಾಗಿಲು

ಎಲ್ಲ ಶುರುವಾದದ್ದು ಚಹಾದಲ್ಲಿ ಬಿದ್ದ ಒಂದು ಚೂರು ಮರದ ಹೊಟ್ಟಿನಿಂದ. ಝಿಪಾರ್ ಬಟ್ಟಲನ್ನು ತುಟಿಗಿಟ್ಟು ಒಂದು ಗುಟುಕು ಕುಡಿದಳು, ನಾಲಿಗೆಯ ತುದಿಯಿಂದ ಅದೇನನ್ನೋ ಬೆರಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು, ಆಮೇಲೆ ಗಂಡನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಸೆನ್ ಬದುಕಿಕೊಳ್ಳುತ್ತಿದ್ದ. ಉಳಿ, ಅರ, ಮರದ ತುಂಡು ಎಲ್ಲವನ್ನೂ ಎತ್ತಿಕೊಂಡು ಅವನು ಸದ್ದಿಲ್ಲದೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

ಹಗಲೆಲ್ಲ ಬಿಷ್ಕೆಕ್‌ನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಈ ಮನುಷ್ಯನಿಗೆ ಸಂಜೆಯಾದರೆ ಕೊಮುಜ್ ಕೆತ್ತುವ ಹುಚ್ಚು. ಮೂರು ತಂತಿಯ ನಮ್ಮ ಈ ವಾದ್ಯ ಏಪ್ರಿಕಾಟ್ ಮರದ ಒಂದೇ ತುಂಡಿನಲ್ಲಿ ಆಗಬೇಕು, ಕೈ ನಡುಗಬಾರದು, ಮನಸ್ಸು ಓಡಬಾರದು. ಐದನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ ಅದೆಲ್ಲಿ ಸಾಧ್ಯ? ಮೆಟ್ಟಿಲ ಮೇಲೆ ಕೂತರೆ ಕಸದ ಬಕೀಟು ಹಿಡಿದು ದಾಟುವವರೆಲ್ಲ ಒಂದೊಂದು ಬುದ್ಧಿಮಾತು ಹೇಳಿ ಹೋಗುತ್ತಿದ್ದರು. ಕಳೆದ ಚಳಿಗಾಲದಿಂದ ಕೆತ್ತುತ್ತಿದ್ದ ಆ ವಸ್ತುವನ್ನು ಕಟ್ಟಡದವರೆಲ್ಲ ಸೌಟು ಎಂದೇ ನಂಬಿದ್ದರು. ಪಾಪ, ಅವನಿಗೆ ಅರಮನೆಯೇನೂ ಬೇಕಿರಲಿಲ್ಲ. ಕಾಲು ಮಡಚಿ ಕೂರುವಷ್ಟು ಒಂದು ಮೂಲೆ, ತನ್ನದು ಅನ್ನುವ ಮೂಲೆ, ಅಷ್ಟೇ ಬೇಕಿತ್ತು.

ಯೋಚಿಸಿ ಯೋಚಿಸಿ ಒಂದು ಉಪಾಯ ಹೊಳೆಯಿತು. ಮನೆಗೆ ಹೊಕ್ಕರೆ ಒಬ್ಬರು ನಡೆಯುವಷ್ಟು ಇಕ್ಕಟ್ಟಿನ ಓಣಿ. ಓಣಿಯಿಂದ ಕೋಣೆಗೊಂದು ಬಾಗಿಲು, ಓಣಿಯ ಕೊನೆಗೆ ಅಡುಗೆಮನೆ. ಅಡುಗೆಮನೆಗೂ ಕೋಣೆಯ ಆಚೆ ತುದಿಗೂ ನಡುವೆ ಇರುವುದು ಒಂದು ತೆಳ್ಳನೆಯ ಗೋಡೆ. ಆ ಗೋಡೆಯಲ್ಲಿ ದಾರಿ ತೆಗೆದರೆ ಕೋಣೆಗೆ ಅಡುಗೆಮನೆಯಿಂದಲೇ ಹೋಗಬಹುದು, ಹಳೆಯ ಬಾಗಿಲು ಬೇಕಿಲ್ಲ. ಅದಕ್ಕೆ ಓಣಿಯ ಕಡೆಯಿಂದ ಹಲಗೆ ಬಡಿದುಬಿಟ್ಟರೆ ಬಾಗಿಲಿನ ಜಾಗವೂ ಅದಕ್ಕೆ ಅಂಟಿಕೊಂಡಿದ್ದ ಕೋಟು ನೇತುಹಾಕುವ ಗೂಡೂ ಸೇರಿ, ಕೋಣೆಯೊಳಗಿನಿಂದ ಹೊಗುವಂಥ ಒಂದು ಪುಟ್ಟ ಗುಹೆಯಾಗುತ್ತದೆ. ಎಸೆನ್‌ಗೆ ತನ್ನ ಬುದ್ಧಿಯ ಬಗ್ಗೆ ತನಗೇ ಗೌರವ ಹುಟ್ಟಿತು.

ಅವಕಾಶವೂ ಒದಗಿಬಂತು. ಝಿಪಾರ್ ತನ್ನ ತಾಯಿ ಬುರುಲ್ ಅಪಾ ಅವರನ್ನು ಕರೆತರಲು ಅತ್‌ಬಾಶಿಗೆ ಹೊರಟಳು. ಭಾನುವಾರ ಸಂಜೆ ಇಬ್ಬರೂ ಬರುವುದೆಂದು ಮಾತಾಯಿತು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಬೆರಳೆತ್ತಿ ಹೇಳಿದಳು: "ಅಪಾ ಬರ್ತಾ ಇದಾರೆ. ಮನೇಲಿ ಒಂದು ಸ್ಟೂಲೂ ಆಚೆ ಈಚೆ ಆಗಕೂಡದು."

ಎಸೆನ್ ಮಾತು ಕೊಟ್ಟ, ಮಾತು ಉಳಿಸಿಕೊಂಡ. ಸ್ಟೂಲನ್ನು ಅವನು ಮುಟ್ಟಲಿಲ್ಲ. ಗೋಡೆ ಒಡೆದ.

ಭಾನುವಾರ ಬೆಳಿಗ್ಗೆ ಮೊದಲ ಏಟು ಬಿದ್ದ ಕೂಡಲೇ ಕೆಳಗಿನ ಮನೆಯ ತೊಕ್ತೊ ಹಾಜರಾದ. ಲಾರಿ ಡ್ರೈವರು. ಒಂದು ಕಾಲದಲ್ಲಿ ಸಿಮೆಂಟು ಸಾಗಿಸಿದ್ದರಿಂದ ತನ್ನನ್ನು ಇಂಜಿನಿಯರ್ ಎಂದೇ ತಿಳಿದಿದ್ದ. ಎಸೆನ್ ಗೋಡೆಯ ಮೇಲೆ ಪೆನ್ಸಿಲಿನಿಂದ ಎಳೆದ ಗೆರೆಗಳನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿ, "ಇಷ್ಟೇನಾ? ನಿಮ್ಮತ್ತೆ ಅಡ್ಡಡ್ಡ ತಿರುಗಿ ಬರಬೇಕಾ?" ಎಂದವನೇ ಸುತ್ತಿಗೆ ಕಸಿದುಕೊಂಡ. ತೂತು ಅಗಲವಾಯಿತು, ಇನ್ನೂ ಅಗಲವಾಯಿತು. ಒಂದು ಇಟ್ಟಿಗೆ ಹಾರಿ ಹೋಗಿ ಅತ್ತೆಗೆಂದೇ ತರಿಸಿಟ್ಟಿದ್ದ ಕೆನೆಯ ಪಾತ್ರೆಯೊಳಗೆ ಬಿತ್ತು. ಎಸೆನ್ ಇಟ್ಟಿಗೆಯನ್ನು ಎತ್ತಿ, ಮೇಲಿನ ಕೆನೆಯನ್ನು ಸೌಟಿನಿಂದ ತೆಗೆದು ಚೆಲ್ಲಿ, ಉಳಿದದ್ದಕ್ಕೆ ಮುಚ್ಚಳ ಮುಚ್ಚಿದ. ಇದನ್ನು ಯಾರಿಗೂ ಹೇಳುವ ಅಗತ್ಯವಿಲ್ಲವೆಂದು ಅವನು ಅಂದುಕೊಂಡ.

ಅಷ್ಟರಲ್ಲಿ ಲಟ್ಟಣಿಗೆ ಹಿಡಿದುಕೊಂಡು ಸೈರಾ ಎಜೆ ನುಗ್ಗಿಬಂದರು. ಎದುರು ಮನೆಯವರು, ಕಟ್ಟಡದ ಹೆಂಗಸರಿಗೆಲ್ಲ ದೊಡ್ಡಕ್ಕ. ಗಾಳಿಕಿಂಡಿಯಿಂದ ಇಟ್ಟಿಗೆಯ ಧೂಳು ಹೋಗಿ ಅವರು ಒಣಗಲು ಹರಡಿದ್ದ ಶಾವಿಗೆಯೆಲ್ಲ ಕೆಂಪಾಗಿತ್ತು. ಪಿತ್ತ ನೆತ್ತಿಗೇರಿತ್ತು. ಎಸೆನ್‌ನ ಅಪ್ಪ, ಅಜ್ಜ, ಅಂಚೆ ಇಲಾಖೆ ಎಲ್ಲವನ್ನೂ ವಿಚಾರಿಸಿಕೊಂಡ ಮೇಲೆ ಅವರ ಕಣ್ಣು ಗೋಡೆಯ ಮೇಲೆ ಬಿತ್ತು, ದನಿ ಇಳಿಯಿತು. ತಮ್ಮ ತಂಗಿಯ ಮನೆಯಲ್ಲಿ ಇಂಥ ಕಡೆ ಕಮಾನು ಮಾಡಿಸಿದ್ದಾರೆ, ಇದನ್ನು ಹೀಗೆ ಚೌಕವಾಗಿ ಬಿಟ್ಟರೆ ಕುರಿದೊಡ್ಡಿಯ ಹಾಗೆ ಕಾಣುತ್ತದೆ, ಕಮಾನೇ ಆಗಬೇಕು ಎಂದರು. ಎಸೆನ್ ಬೇಡವೆಂದ. ತೊಕ್ತೊ ಆಗಲೇ ಮೇಲಿನ ಇಟ್ಟಿಗೆಗಳನ್ನು ಕೆಡವುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಗೂ ಕೋಣೆಗೂ ನಡುವೆ ಒಂದು ಕಮಾನು ನಿಂತಿತ್ತು. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ.

ಇಬ್ಬರನ್ನೂ ಹೇಗೋ ಸಾಗಹಾಕಿ ಎಸೆನ್ ತನ್ನ ನಿಜವಾದ ಕೆಲಸಕ್ಕೆ ಕೈ ಹಚ್ಚಿದ. ಹಳೆಯ ಬಾಗಿಲನ್ನು ಕಳಚಿ, ಓಣಿಯ ಕಡೆ ಹಲಗೆ ಬಡಿದು ಮುಚ್ಚಿದ. ಕಳಚಿದ ಬಾಗಿಲನ್ನು ಅರ್ಧಕ್ಕೆ ಕೊಯ್ದು, ತಿರುಗುಣಿ ಹಾಕಿ ಗೂಡಿನ ಪಕ್ಕಕ್ಕೆ ಜೋಡಿಸಿದ. ಇಳಿಸಿದರೆ ಮೇಜು, ಎತ್ತಿದರೆ ಗೋಡೆ. ಮೇಲೆ ಉಳಿಗಳಿಗೊಂದು ಪಟ್ಟಿ, ಅದರ ಪಕ್ಕ ದೀಪ, ನೆಲಕ್ಕೆ ಕುರಿಚರ್ಮ, ಬೆನ್ನಿಗೆ ದಿಂಬು. ಒಳಗೆ ನುಸುಳಿ ಕೂತ. ಮೊಣಕೈ ಚಾಚಿದರೆ ಎರಡೂ ಕಡೆ ಗೋಡೆ ತಗಲುತ್ತಿತ್ತು, ಅದೂ ಅವನಿಗೆ ಹಿತವಾಗಿತ್ತು. ಕೊಮುಜನ್ನು ಮಡಿಲಲ್ಲಿಟ್ಟುಕೊಂಡು ಉಳಿಯಿಂದ ಒಮ್ಮೆ ಹೆರೆದ. ಹೊಟ್ಟು ತನ್ನ ಮೂಲೆಯಲ್ಲೇ, ತನ್ನ ಕಾಲ ಬಳಿಯೇ ಬಿತ್ತು. ಮದುವೆಯಾದಾಗಿನಿಂದ ಇಷ್ಟು ಸಂತೋಷ ತನಗಾಗಿರಲಿಲ್ಲ ಎಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಸೈರಾ ಎಜೆಯ ಬಾಯಿಗೆ ಬಿದ್ದ ಸುದ್ದಿ ನಮ್ಮ ಅಂಚೆಗಿಂತ ಬೇಗ ಮುಟ್ಟುತ್ತದೆ. ಎಸೆನ್ ಹೊಸ ಬಾಗಿಲು ತೆಗೆದಿದ್ದಾನೆ, ನೋಡಬೇಕು, ಹರಸಬೇಕು ಎಂದು ಕಟ್ಟಡದವರು ಒಬ್ಬೊಬ್ಬರಾಗಿ ಬಂದರು. ಬರಿಗೈಲಿ ಯಾರೂ ಬರಲಿಲ್ಲ. ಒಬ್ಬರು ರೊಟ್ಟಿ, ಒಬ್ಬರು ಹಿಟ್ಟಿನ ತುಂಡು ಕರಿದ ಬೋರ್ಸೋಕ್, ಸೈರಾ ಎಜೆ ಮಾಂಸ ತುಂಬಿ ಬೇಯಿಸಿದ, ಹಬೆಯಾಡುವ ಮಂತಿಯ ದೊಡ್ಡ ತಟ್ಟೆ. ಕೊನೆಗೆ ನೆಲಮಹಡಿಯ ಕಾದಿರಾಲಿ ಅಕ್ಸಕಾಲರೇ ಕೋಲೂರಿಕೊಂಡು ಐದು ಮಹಡಿ ಹತ್ತಿ ಬಂದರು. ಬಿಳಿಗಡ್ಡ, ಬಿಳಿ ಟೋಪಿ, ಕಟ್ಟಡಕ್ಕೆಲ್ಲ ಹಿರಿಯರು. ಅವರು ಹರಸದೆ ನಮ್ಮಲ್ಲಿ ಹೊಸ ತೊಟ್ಟಿಲೂ ತೂಗುವುದಿಲ್ಲ. ಮೊಣಕಾಲು ನಡುಗುತ್ತಿದ್ದವು, ಕೂತರೆ ಸಾಕಾಗಿತ್ತು.

"ತೋರ್ ಯಾವ ಕಡೆ ಮಗಾ?" ಎಂದು ಕೇಳಿದರು.

ಕೇಳಬೇಕಾದ ಮಾತೇ. ತೋರ್ ಎಂದರೆ ಬಾಗಿಲಿನಿಂದ ಎಲ್ಲಕ್ಕಿಂತ ದೂರದ ಜಾಗ. ಹಿರಿಯರು ಅಲ್ಲಿ ಕೂತ ಮೇಲೆಯೇ ಉಳಿದವರು ವಯಸ್ಸಿನ ಪ್ರಕಾರ ಕೂರಬೇಕು, ಎಲ್ಲರಿಗಿಂತ ಚಿಕ್ಕವರು ಬಾಗಿಲ ಬಳಿ. ಎಸೆನ್ ಅಭ್ಯಾಸಬಲದಿಂದ ಗೋಡೆಗೆ ಜಮಖಾನೆ ತೂಗುಹಾಕಿದ್ದ ತುದಿಯನ್ನು ತೋರಿಸಿದ. ಹಿಂದಿನಿಂದಲೂ ಅಲ್ಲಿಯೇ ಅಲ್ಲವೇ ತೋರ್. ಅಕ್ಸಕಾಲರು ಅಲ್ಲಿಗೆ ಹೋಗಿ, ಕೋಲು ಒರಗಿಸಿ, ಇನ್ನೇನು ಬಗ್ಗಬೇಕು, ಪಕ್ಕದ ಕಮಾನಿನಿಂದ ಸೈರಾ ಎಜೆ ಕುದಿಯುವ ಕೆಟಲ್ ಹಿಡಿದು ಅವರ ಟೋಪಿಯ ಮೇಲೆಯೇ ದಾಟಿಬಂದರು.

ಅಕ್ಸಕಾಲರು ಮತ್ತೆ ನೆಟ್ಟಗಾದರು. "ನನ್ನನ್ನ ಬಾಗಿಲಲ್ಲಿ ಕೂರಿಸ್ತಾ ಇದೀಯೇನಪ್ಪಾ? ನಾನೇನು ಚಪ್ಪಲಿ ಕಾಯೋಕೆ ಬಂದ್ನಾ?"

ಬಾಗಿಲು ಸರಿಸಿದವನಿಗೆ ತೋರ್ ಕೂಡ ಸರಿಯುತ್ತದೆಂಬುದು ಹೊಳೆದೇ ಇರಲಿಲ್ಲ. ಕಿಟಕಿಯ ಕಡೆ ಕೂರಿಸೋಣವೆಂದರೆ ಅದು ಎರಡನೇ ದರ್ಜೆಯ ಜಾಗ. ತೊಕ್ತೊ ಟೇಪು ಹಿಡಿದು ಕೋಣೆಯ ಉದ್ದಕ್ಕೂ ಅಳೆದು, ಇಂಜಿನಿಯರ್ ಗತ್ತಿನಲ್ಲಿ ತೀರ್ಪು ಕೊಟ್ಟ: ಈಗಿನ ತೋರ್ ಇರುವುದು ಆ ತುದಿಯಲ್ಲಿ, ಎಸೆನ್ ಗೂಡಿನಲ್ಲಿ ಮಾಡಿಕೊಂಡ ಹೊಸ ಕಪಾಟಿನ ಮುಂದೆ.

"ಕಪಾಟಿಗೆ ಬೆನ್ನು ಹಾಕ್ಕೊಂಡು ಕೂರೋಕೆ ನಾನೇನು ಕೋಟಾ?" ಎಂದರು ಅಕ್ಸಕಾಲರು.

ಅವರು ಕೂರಲಿಲ್ಲ. ಅವರು ಕೂರದೆ ಬೇರೆ ಯಾರೂ ಕೂರುವಂತಿಲ್ಲ. ಹೀಗಾಗಿ ಅಷ್ಟೂ ಜನ, ಮಂಚದಷ್ಟು ಅಗಲದ ಜಾಗದಲ್ಲಿ, ಜಾತ್ರೆಯ ಬಸ್ಸಿನಲ್ಲಿ ನಿಂತಂತೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಮಂತಿ ಆರುತ್ತಿತ್ತು, ಕೊಬ್ಬು ತಟ್ಟೆಯ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುತ್ತಿತ್ತು. ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಕಮಾನಿಗೆ ಪರದೆ ಬಿಟ್ಟರೆ ಅದು ಗೋಡೆಯೇ ಆಗುತ್ತದೆಂದು ಒಬ್ಬರು, ಪರದೆ ಬಿಟ್ಟರೆ ನಾವೆಲ್ಲ ಮನೆಗೆ ಹೋಗುವುದು ಹೇಗೆಂದು ಇನ್ನೊಬ್ಬರು. ಕೊನೆಗೆ ಅಕ್ಸಕಾಲರು ಕೋಲನ್ನು ನೆಲಕ್ಕೆ ಕುಟ್ಟಿ, ತೋರ್ ಇಲ್ಲದ ಮನೆ ಮನೆಯಲ್ಲ, ಆ ಹಲಗೆ ಕಿತ್ತು ಹಳೆಯ ಬಾಗಿಲು ಇದ್ದಲ್ಲಿಗೇ ಇಡಿ ಎಂದರು. ತೊಕ್ತೊ ಅಂಥದ್ದಕ್ಕೇ ಕಾದಿದ್ದವನು, ಸುತ್ತಿಗೆ ಎತ್ತಿದ.

ಎಸೆನ್ ಜನರನ್ನು ತೂರಿಕೊಂಡು ಹೋಗಿ ತನ್ನ ಗೂಡಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ. "ಕಮಾನು ಬೇಕಾದ್ರೆ ಮುಚ್ಚಿ, ಗೋಡೆ ಪೂರ್ತಿ ಕೆಡವಿ. ಇದೊಂದು ಬಿಟ್ಬಿಡಿ ತೊಕ್ತೊ. ನನಗೆ ಅಂತ ಇರೋದು ಇದೊಂದೇ." ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. ತೊಕ್ತೊ ಅವನನ್ನು ಮೆಲ್ಲಗೆ, ಮೇಜನ್ನು ಸರಿಸುವ ಹಾಗೆ, ಪಕ್ಕಕ್ಕೆ ಸರಿಸಿದ.

ಆಗ ಹಲಗೆಯ ಆಚೆಯಿಂದ ಧಡ್ ಎಂದು ಸದ್ದಾಯಿತು. ತೊಕ್ತೊನ ಸುತ್ತಿಗೆ ಅರ್ಧದಲ್ಲೇ ನಿಂತಿತು.

"ಎಸೆನ್," ಎಂದಿತು ಹಲಗೆಯ ಹಿಂದಿನ ಒಂದು ದಪ್ಪ ದನಿ, "ನಿನ್ನ ಬಾಗಿಲು ಎಲ್ಲಿಗಪ್ಪಾ ಹೋಯ್ತು? ನನ್ನ ಮೂಗು ಹೋಯ್ತು."

ಬುರುಲ್ ಅಪಾ ಬಂದಿದ್ದರು. ಮೂಗು ಉಜ್ಜಿಕೊಳ್ಳುತ್ತ ಅಡುಗೆಮನೆಯ ದಾರಿಯಿಂದ, ಕಮಾನಿನ ಕೆಳಗೆ, ಒಂದಿಷ್ಟೂ ಅಡ್ಡ ತಿರುಗದೆ ಒಳಗೆ ಬಂದರು. ಅವರ ಹಿಂದೆ ಗಂಟುಮೂಟೆ ಹೊತ್ತ ಝಿಪಾರ್. ಅವಳು ಗೋಡೆಯನ್ನು ನೋಡಿದಳು, ಕಮಾನನ್ನು ನೋಡಿದಳು, ನಿಂತ ಜನರನ್ನು ನೋಡಿದಳು, ಗಂಡನನ್ನು ನೋಡಿದಳು.

"ಸ್ಟೂಲ್ ಅಲ್ಲೇ ಇದೆ," ಎಂದ ಎಸೆನ್.

ಅವಳು ಉತ್ತರ ಕೊಡುವ ಮೊದಲೇ ಅಕ್ಸಕಾಲರು ಮುಂದೆ ಬಂದು, ಊರಿನ ಕ್ಷೇಮ ವಿಚಾರಿಸಿ, ದೂರು ಒಪ್ಪಿಸಿದರು. ನಿಮ್ಮ ಅಳಿಯ ತೋರನ್ನೇ ಕಳೆದುಬಿಟ್ಟಿದ್ದಾನೆ, ಹೆಣ್ಣು ಕೊಟ್ಟ ಮನೆಯವರು ನೀವು, ದೂರದಿಂದ ಬಂದವರು, ನಿಮ್ಮನ್ನು ಕೂರಿಸಲು ಈ ಮನೆಯಲ್ಲಿ ಮರ್ಯಾದೆಯ ಜಾಗವಿಲ್ಲ ಎಂದರು. ಬುರುಲ್ ಅಪಾ ಕಮಾನಿನಲ್ಲಿ ನಿಂತು ಕುದುರೆ ಕೊಳ್ಳುವವರ ಹಾಗೆ ಇಡೀ ಕೋಣೆಯನ್ನು ಅಳೆದು ನೋಡಿದರು. ಆಮೇಲೆ ಜನರ ನಡುವೆ ನೇರವಾಗಿ ನಡೆದು ಹೋಗಿ, ತೊಕ್ತೊನನ್ನು ಪಕ್ಕಕ್ಕೆ ಸರಿಸಿ, ಮಡಚುವ ಮೇಜನ್ನು ಒಂದೇ ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಿದರು. ಕುರಿಚರ್ಮದ ಮೇಲಿದ್ದ ಕೊಮುಜನ್ನು ಎತ್ತಿ ಅಳಿಯನ ಕೈಗೆ ಕೊಟ್ಟು, "ಈ ಸೌಟು ಹಿಡ್ಕೊ," ಎಂದರು. ಗೂಡಿನೊಳಗೆ ತಿರುಗಿ ಕಾಲು ಮಡಚಿ ಕೂತರು. ಗೂಡು ಅಳತೆ ಕೊಟ್ಟು ಹೊಲಿಸಿದಂತೆ ಅವರಿಗೆ ಸರಿಹೊಂದಿತು.

"ಬಾಗಿಲಿಂದ ಇದಕ್ಕಿಂತ ದೂರದ ಜಾಗ ಇದೆಯಾ? ಇದೇ ತೋರ್," ಎಂದರು.

ಕೋಣೆಯಲ್ಲಿ ನಿಟ್ಟುಸಿರು ಹಬ್ಬಿತು. ಅಕ್ಸಕಾಲರು ಅಡ್ಡಿ ಹೇಳಲಿಲ್ಲ, ಅವರ ಮೊಣಕಾಲು ಯಾವಾಗಲೋ ಒಪ್ಪಿಕೊಂಡಿದ್ದವು. ಗೂಡಿನ ಪಕ್ಕದಲ್ಲೇ ಧೊಪ್ಪನೆ ಕೂತರು. ಅವರ ಹಿಂದೆ ಉಳಿದವರೆಲ್ಲ ವಯಸ್ಸಿನ ಪ್ರಕಾರ ಕೂತರು. ಮನೆಯ ಯಜಮಾನನಿಗೆ ಉಳಿದದ್ದು ಜಮಖಾನೆಯ ಕೆಳಗಿನ ಜಾಗ, ಅಂದರೆ ಬಾಗಿಲು. ಎಸೆನ್ ಅಲ್ಲಿ ಕೂತು ಎಲ್ಲರಿಗೂ ಚಹಾ ಬಗ್ಗಿಸಿದ. ಬಗ್ಗಿಸುವಾಗ ಅವನ ಮನಸ್ಸು ಹಗುರವಾಗಿಯೇ ಇತ್ತು. ಹಲಗೆ ಉಳಿಯಿತು, ಗೂಡು ಉಳಿಯಿತು. ಅತ್ತೆ ಬಂದವರು ಹೋಗುತ್ತಾರೆ. ಮೊದಲ ಬಾರಿಗೆ ಅವನಿಗೆ ಅತ್ತೆಯ ಮೇಲೆ ಅಕ್ಕರೆ ಉಕ್ಕಿತು, ಕೆನೆಯ ಪಾತ್ರೆಯನ್ನು ತಾನೇ ಅವರ ಮುಂದೆ ಇಟ್ಟ.

ಬುರುಲ್ ಅಪಾ ರೊಟ್ಟಿಗೆ ಕೆನೆ ಹಚ್ಚಿಕೊಂಡು ತಿಂದರು, ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡರು, ದೀಪವನ್ನು ಹಚ್ಚಿ ಆರಿಸಿ ಮತ್ತೆ ಹಚ್ಚಿದರು.

"ನಿಜ ಹೇಳ್ತೀನಿ, ಮೂರು ದಿನಕ್ಕೆ ಅಂತ ಬಂದಿದ್ದೆ. ಈ ಮನೇಲಿ ಎಲ್ಲಿ ಕೂತ್ರೂ ಯಾರಾದ್ರೂ ದಾಟ್ಕೊಂಡು ಹೋಗೋರು, ನನಗೇ ಸಂಕೋಚ ಆಗೋದು. ಈಗ ನೋಡಿ, ಅಳಿಯ ನನಗೋಸ್ಕರ ಗೋಡೆ ಒಡೆದಿದಾನೆ. ದೀಪ ಇಟ್ಟಿದಾನೆ, ಚರ್ಮ ಹಾಸಿದಾನೆ. ನಾನು ಹೆತ್ತ ಗಂಡುಮಕ್ಕಳು ನನಗಾಗಿ ಒಂದು ಮೊಳೆ ಹೊಡೆದೋರಲ್ಲ." ಅವರು ಸೆರಗಿನಂಥ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. "ಇಂಥ ಜಾಗ ಬಿಟ್ಟು ಇನ್ನು ಎಲ್ಲಿಗೆ ಹೋಗ್ಲಿ? ಝಿಪಾರ್, ನಾಳೆ ಊರಿಗೆ ಫೋನ್ ಮಾಡಿ ನನ್ನ ಹಾಸಿಗೆ ಕಳಿಸೋಕೆ ಹೇಳು."

ಎಸೆನ್ ಬಾಯಿ ತೆರೆದ. ಇದು ನಿಮಗಲ್ಲ, ನನಗೆ ಅಂತ ಮಾಡಿಕೊಂಡದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಝಿಪಾರ್ ಬಂದು ಅವನ ಪಕ್ಕ ಕೂತಳು. ಅವಳ ಕಣ್ಣೂ ತೇವವಾಗಿತ್ತು.

"ನನಗೆ ಒಂದು ಮಾತೂ ಹೇಳ್ಲಿಲ್ಲವಲ್ಲ ನೀನು," ಎಂದಳು ಮೆಲ್ಲಗೆ. "ಸುಮ್ಮನೆ ಏನೇನೋ ಅಂದ್ಕೊಂಡಿದ್ದೆ ನಿನ್ನ ಬಗ್ಗೆ."

ಎಸೆನ್ ಉಗುಳು ನುಂಗಿದ. ಮಾತೂ ಅದರ ಜೊತೆ ಒಳಗೆ ಹೋಯಿತು. ಸೈರಾ ಎಜೆ ಮೂಗು ಸೀಟುತ್ತ, ಇಂಥ ಅಳಿಯ ಎಲ್ಲರಿಗೂ ಸಿಗಲಿ ಎಂದರು. ಕಮಾನು ತನ್ನದೇ ಯೋಚನೆ ಎಂದು ತೊಕ್ತೊ ಎಲ್ಲರಿಗೂ ತಿಳಿಸಿದ.

ಊಟ ಮುಗಿದ ಮೇಲೆ ಅಕ್ಸಕಾಲರು ಅಂಗೈಗಳನ್ನು ತೆರೆದು ಮೇಲೆತ್ತಿದರು. ಎಲ್ಲರೂ ಅಂಗೈ ತೆರೆದರು, ಎಸೆನ್ ಕೊಮುಜನ್ನು ಕೆಳಗಿಟ್ಟು ತಾನೂ ತೆರೆದ.

"ಈ ತೋರ್ ಒಂದು ದಿನವೂ ಬರಿದಾಗದೇ ಇರಲಿ," ಎಂದು ಹರಸಿದರು ಅಕ್ಸಕಾಲರು. "ಇಲ್ಲಿ ಕೂತವರು ನೂರು ವರ್ಷ ಇಲ್ಲೇ ಕೂತಿರಲಿ."

"ಓಮೀನ್," ಎಂದು ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ಎಸೆನ್ ಕೂಡ ಓಮೀನ್ ಎಂದ. ಉಳಿದವರು ಕೈ ಇಳಿಸಿ ಚಪ್ಪಲಿ ಹುಡುಕಲು ಎದ್ದ ಮೇಲೂ ಅವನ ಕೈ ಇನ್ನೂ ಮುಖದ ಮೇಲೆಯೇ ಇತ್ತು.