ಸಿಂಗಪುರಕ್ಕೆ ಒಂದೇ ಟಿಕೆಟ್

ಗಂಡಸರು ಹೇಳುವ ಸುಳ್ಳುಗಳಲ್ಲಿ ಬಹುಪಾಲು ಹೆಂಡಂದಿರಿಗೇ ಮೀಸಲು. ಹೆಚ್ಚಿನವನ್ನು ಅವರು ನಿಂತಲ್ಲೇ ಹಿಡಿದುಬಿಡುತ್ತಾರೆ, ಹೀಗಾಗಿ ಸಂಸಾರ ನಡೆದಿದೆ. ನನ್ನದೊಂದು ಸುಳ್ಳು ಮಾತ್ರ ಸಿಕ್ಕಿಬೀಳಲೇ ಇಲ್ಲ. ಅದಕ್ಕೇ ಈ ಸಂಕಟ.

ಬೈಲಹೊಂಗಲದಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಹೆಚ್ಚು ಔಷಧ ಮಾರಿದ ಡೀಲರುಗಳನ್ನು ಕಂಪನಿಯವರು ಟೂರಿಗೆ ಕರೆದೊಯ್ಯುವ ಪದ್ಧತಿಯಿದೆ. ರೈತ ಹತ್ತಿಯ ಹುಳಕ್ಕೆ ಔಷಧ ಹೊಡೆಯುತ್ತಾನೆ, ನಾವು ವಿಮಾನ ಹತ್ತುತ್ತೇವೆ. ಈ ಸಲ ಸಿಂಗಪುರ, ಅದೂ ಗಂಡ-ಹೆಂಡತಿ ಇಬ್ಬರಿಗೂ ಟಿಕೆಟ್. ಮನೆಯಲ್ಲಿ ಮಾತ್ರ "ಒಂದ ಟಿಕೆಟ್ ಐತಿ" ಎಂದೆ. ಕಾರಣ ಹೇಳಲು ಈಗ ನಾಚಿಕೆಯಾಗುತ್ತದೆ. ನನ್ನ ಹೆಂಡತಿ ಗಂಗವ್ವ ಸವದತ್ತಿ ಗುಡ್ಡ, ನವಿಲುತೀರ್ಥದ ಡ್ಯಾಮು ಬಿಟ್ಟು ಹೆಚ್ಚು ಕಂಡವಳಲ್ಲ. ಬಸ್ಸಿನಲ್ಲಿ ಪಕ್ಕದವರನ್ನು "ಯಾವೂರ್ರಿ? ಮಕ್ಕಳೆಷ್ಟ್ರಿ?" ಎಂದು ಕೇಳುತ್ತ ಬುತ್ತಿ ಬಿಚ್ಚುವವಳು. ವಿಮಾನದಲ್ಲೂ ಹಾಗೇ ಮಾಡಿದರೆ ದೊಡ್ಡ ಊರಿನ ಡೀಲರುಗಳ ಮುಂದೆ ನನ್ನ ಮರ್ಯಾದೆಯ ಗತಿ? ಅವಳೋ "ಹೋಗಿ ಬರ್ರಿ, ಮನ್ಯಾಗ ಒಬ್ಬರರ ಸಿಂಗಪುರ ನೋಡಿದ್ರ ಆತು" ಎಂದು ನನ್ನ ಅಂಗಿಗಳಿಗೆ ಇಸ್ತ್ರಿ ಹಾಕಿದಳು. ಬುತ್ತಿ ಕಟ್ಟಲು ಬಂದರೆ ಅದನ್ನೂ ಬೇಡವೆಂದೆ.

ವಿಮಾನ ಮೇಲೆದ್ದಾಗ ಕಣ್ಣು ಮುಚ್ಚಿ ಎಲ್ಲಮ್ಮನನ್ನು ಕೂಗಿದವನು ನಾನೊಬ್ಬನೇ. ಉಳಿದ ಡೀಲರುಗಳ ಹೆಂಡಂದಿರು ಇಳಕಲ್ ಸೀರೆಯುಟ್ಟು ಸಾಲಾಗಿ ಕುಳಿತು, ಗಗನಸಖಿಯನ್ನೇ ಯಾವೂರು ಎಂದು ವಿಚಾರಿಸುತ್ತಿದ್ದರು. ಅವಳೂ ನಗುನಗುತ್ತ ಹೇಳುತ್ತಿದ್ದಳು. ಸಿಂಗಪುರದಲ್ಲಿ ಎರಡನೇ ದಿನ ಸಪ್ಪೆ ನೂಡಲ್ಸು ಗಂಟಲಲ್ಲಿ ಇಳಿಯದೆ ಕುಳಿತಿದ್ದೆ. ರಾಮದುರ್ಗದ ಡೀಲರ ಹೆಂಡತಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟರು.

"ಉಣ್ರಿ ಅಣ್ಣಾರ. ಅಕ್ಕಾರನ್ನ ಯಾಕ ಕರಕೊಂಡು ಬರಲಿಲ್ರಿ?"

"ಆಕಿಗೆ ವಿಮಾನ ಅಂದ್ರ ಅಂಜಿಕಿರಿ" ಎಂದೆ. ತಲೆ ತಗ್ಗಿಸಿ ರೊಟ್ಟಿ ಮುರಿದೆ.

ಊರಿಗೆ ಬಂದ ದಿನ ಗಂಗವ್ವ ನನ್ನ ಮೊಬೈಲಿನ ಫೋಟೋಗಳನ್ನು ಒಂದೊಂದೇ ಸರಿಸಿ ನೋಡಿದಳು. ಸಮುದ್ರದ ದಂಡೆಯ ಗುಂಪು ಫೋಟೋ ಬಂತು. ಎಲ್ಲರೂ ಜೋಡಿ ಜೋಡಿ, ತುದಿಯಲ್ಲಿ ಬ್ಯಾಗು ಅಪ್ಪಿಕೊಂಡು ನಾನು. ಸಿಕ್ಕಿಬಿದ್ದೆ ಎಂದುಕೊಂಡೆ. ಅದನ್ನು ದೊಡ್ಡದು ಮಾಡಿ ನೋಡಿದವಳು ತಲೆಯೆತ್ತಿದಳು.

"ಎಲ್ಲಾರಿಗೂ ಎರಡೆರಡು ಟಿಕೆಟ್ ಕೊಟ್ಟು ನಿಮಗಷ್ಟ ಒಂದ ಕೊಟ್ಟಾರಲ್ರಿ! ಸಣ್ಣ ಊರಿನವರಂತ ಹಗುರ ಮಾಡ್ಯಾರ. ಅಷ್ಟು ಮಂದ್ಯಾಗ ಒಬ್ಬರ ನಿಂತೀರಿ. ನಿಮ್ಮ ಜೀವಕ್ಕ ಎಷ್ಟು ಕೆಟ್ಟನಿಸಿರಬೇಕು!"

ಅವಳ ಕಣ್ಣಲ್ಲಿ ನೀರಿತ್ತು. ಆಗಲಾದರೂ ನಿಜ ಹೇಳಬಹುದಿತ್ತು. "ಹೂಂ, ಏನ್ ಮಾಡೂದು" ಎಂದೆ.

ಅಂದಿನಿಂದ ಕಂಪನಿಯ ಸಾಹೇಬರು ಮನೆಗೆ ಬಂದರೆ ಅವಳು ಅವರಿಗೆ ಚಹ ಕೊಡುವುದಿಲ್ಲ. ನನಗೊಬ್ಬನಿಗೇ ತಂದಿಡುತ್ತಾಳೆ, ಸಕ್ಕರೆ ಒಂದು ಚಮಚ ಹೆಚ್ಚಿಗೆ ಹಾಕಿ. ಆ ಪಾಪದ ಮನುಷ್ಯನ ಎದುರಿಗೇ ಕುಳಿತು ನಾನದನ್ನು ಕುಡಿಯುತ್ತೇನೆ.