ಕಾಳಪ್ಪ ಹಾಕಿಸಿದ ಊಟ

ಎಡವಟ್ಟಾದದ್ದು ಕಾರ್ಡಿನ ಕೊನೆಯ ಸಾಲಿನಿಂದ.

ಮರಳಿ ಊರಿನ ಕಾಳಪ್ಪ ಅಕ್ಕಿ ಗಿರಣಿಯ ಹಮಾಲ. ಮಗಳು ನೇತ್ರಾವತಿಯ ಬಲಗೈ ಬೆರಳುಗಳು ಹುಟ್ಟಿನಿಂದಲೇ ಅಂಗೈಗೆ ಮಡಚಿಕೊಂಡಿದ್ದವು. ಆಪರೇಷನ್ನಿಗೆ ಎಂಬತ್ತು ಸಾವಿರ ಬೇಕು. ಗಂಗಾವತಿಯ ಒಂದು ಟ್ರಸ್ಟಿಗೆ ಅರ್ಜಿ ಹಾಕಿ ಎರಡು ತಿಂಗಳಾದರೂ ಸುದ್ದಿಯಿಲ್ಲ. ಆಗ ಪ್ರಿಂಟಿಂಗ್ ಪ್ರೆಸ್ಸಿನ ಹಾಲೇಶ ತಲೆ ಓಡಿಸಿದ.

"ಬರೇ ರೊಕ್ಕ ಕೇಳಿದ್ರ ಯಾರೂ ಕೊಡಂಗಿಲ್ಲ ಮಾವಾ. ಊಟಕ್ಕ ಕರಿ. ಉಂಡವರು ನೂರೋ ಐವತ್ತೋ ಆಯೇರಿ ಮಾಡದ ಹೋಗ್ತಾರೇನು? ಕಾರ್ಡ್ ನಾ ಪುಕ್ಕಟ ಹೊಡದು ಕೊಡ್ತೀನಿ."

ಗಿರಣಿ ಮಾಲೀಕರಿಂದ ಅಕ್ಕಿ ಸಾಲವಾಗಿ ಬಂತು. ಭಾನುವಾರ ಜನ ಕಾಲುವೆಗೆ ನೀರು ಬಿಟ್ಟಂತೆ ಬಂದರು. ಉಂಡರು, ಕೈ ತೊಳೆದರು, ನೇತ್ರಾವತಿಯ ತಲೆ ಮೇಲೆ ಕೈಯಿಟ್ಟು ಹರಸಿದರು, ಹೊರಟೇಬಿಟ್ಟರು. ಬಾಗಿಲಲ್ಲಿಟ್ಟ ಹಿತ್ತಾಳೆ ತಟ್ಟೆಯಲ್ಲಿ ಒಂದು ಬಿಲ್ಲೆಯೂ ಬೀಳಲಿಲ್ಲ.

ಕಾಳಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದ ಮನೆಯ ಕಳಕಮ್ಮನನ್ನು ಮೆಲ್ಲಗೆ ಕೇಳಿದ, "ಯವ್ವಾ, ಸಾರು ಕೆಟ್ಟಿತ್ತೇನು?"

"ಸಾರು ಭಾಳ ಛಲೋ ಇತ್ತಪಾ. ನಾ ನೂರು ರೂಪಾಯಿ ಸೆರಗಿನಾಗ ಕಟ್ಕೊಂಡು ಬಂದಿದ್ನಿ. ಕೊಡಬಾರದಂತ ಕಾರ್ಡಿನಾಗ ಬರದೈತಿ ಅಂದ್ಲು ಮಮ್ಮಗಳು. ಆಪರೇಷನ್ ರೊಕ್ಕ ಕೂಡೈತಿ, ಅದಕ್ಕ ಊಟ ಹಾಕ್ಯಾನ ಅನ್ಕೊಂಡ್ವಿ."

ಹಂಚುವ ಗಡಿಬಿಡಿಯಲ್ಲಿ ತಾನು ಓದಿರದ ಕಾರ್ಡನ್ನು ಕಾಳಪ್ಪ ಅವಳ ಕೈಯಿಂದ ಕಸಿದುಕೊಂಡು ನೋಡಿದ. ‘ಮಗಳ ಕೈ ಆಪರೇಷನ್ ನಿಮಿತ್ತ ಊಟ. ನಿಮ್ಮ ಆಶೀರ್ವಾದವೇ ಉಡುಗೊರೆ. ಆಯೇರಿ ತರಬಾರದಾಗಿ ವಿನಂತಿ.’

ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದ ಹಾಲೇಶ ನಾಲಿಗೆ ಕಚ್ಚಿಕೊಂಡ. "ಎಲ್ಲಾ ಮದಿವಿ ಕಾರ್ಡಿಗೂ ಹಾಕೂ ಸಾಲು ಮಾವಾ. ತಗಿಯೂದು ಮರತೆ."

ಉಂಡು ಹೋದವರನ್ನು ವಾಪಸು ಕರೆದು ರೊಕ್ಕ ಕೇಳುವುದು ಹೇಗೆ? ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಅಪರಿಚಿತನೊಬ್ಬ ಕೈ ಒರೆಸಿಕೊಳ್ಳುತ್ತ ಬಂದ.

"ನಾ ಪಂಪಾಪತಿ ಅಂತ್ರಿ, ಟ್ರಸ್ಟಿನ ಕಡಿಯಿಂದ ಬಂದೀನಿ. ನೀವು ಅರ್ಜಿ ಹಾಕಿದ್ರಲ್ಲ, ಮನಿ ಪರಿಸ್ಥಿತಿ ನೋಡಾಕ."

ಕಾಳಪ್ಪನಿಗೆ ಹೋದ ಜೀವ ಬಂದಂತಾಯಿತು. ಮಗಳನ್ನು ಮುಂದೆ ನಿಲ್ಲಿಸಿದ. ನೇತ್ರಾವತಿ ಮುಚ್ಚಿದ ಮುಷ್ಟಿಯನ್ನು ಚಾಚಿದಳು.

"ಎಲ್ಲಾ ನೋಡೀನ್ರಿ," ಎಂದ ಪಂಪಾಪತಿ. "ಮುನ್ನೂರು ಮಂದಿಗೆ ಪಾಯಸ ಹಾಕಿ, ಆಯೇರಿನೂ ಬ್ಯಾಡಂದ ಮನಿ ಇದು. ಇವರಿಗೆ ಸಹಾಯದ ಅವಶ್ಯ ಇಲ್ಲಂತ ಬರದೀನಿ."

ಪಂಪಾಪತಿ ಚೀಲದಿಂದ ರಸೀದಿ ಪುಸ್ತಕ ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿದ.

"ಹಂಗ, ಬಡ ಮಕ್ಕಳ ಆಪರೇಷನ್ನಿಗಂತ ನಿಮ್ಮ ಹೆಸರಿಲೆ ಎಷ್ಟು ಬರಕೊಳ್ಳಲ್ರಿ?"